ಸೊಸೆ ಬಾಯಿ ಮುಚ್ಚಿದ ಮಧ್ಯಾಹ್ನ

"ಸ್ವಲ್ಪ ನಿಲ್ಲಿಸಪ್ಪ ಇದನ್ನ. ನನಗೆ ಕಣ್ಣು ಕತ್ತಲೆ ಬರ್ತಿದೆ," ಎಂದಳು ಚಿಕ್ಕಮ್ಮ.

"ನಿಲ್ಲಿಸೋಕೆ ಆಗಲ್ಲ ಚಿಕ್ಕಮ್ಮ. ಇದು ಯಾವಾಗ್ಲೂ ಹೀಗೇ," ಎಂದ ಸ್ವೆಟರ್.

ಪರದೆಯ ಮೇಲೆ ಸಾಲುಗಳು ಕೆಳಗೆ ಹುಟ್ಟಿ ಮೇಲಕ್ಕೆ ಓಡಿ ಮಾಯವಾಗುತ್ತಿದ್ದವು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ನೂರಾರು ದಾಟಿ ಹೋಗುತ್ತಿದ್ದವು. ಹೋಗಲಿ, ಒಂದೊಂದರಲ್ಲೂ ಹೊಸ ಸಂಗತಿ ಏನಾದರೂ ಇತ್ತೇ ಎಂದರೆ ಅದೂ ಇಲ್ಲ. ತಾಳೆ ಆಯಿತು, ತಾಳೆ ಆಯಿತು, ತಾಳೆ ಆಯಿತು. ಅದೇ ರಾಗ, ಅದೇ ಹಾಡು.

ಯಂತ್ರಗಳು ಬಿಸಿಯಾಗಬಾರದೆಂದು ಆ ಕೋಣೆಗೆ ವರ್ಷವಿಡೀ ತಣ್ಣನೆಯ ಗಾಳಿ ಬಿಡುತ್ತಿದ್ದರು. ಹೊರಗೆ ಬಿಸಿಲು ಸುಡುವಾಗಲೂ ಬೂದುಬಣ್ಣದ ಸ್ವೆಟರ್ ಬಿಚ್ಚದ ಈ ಯಂತ್ರ ನೋಡಿಕೊಳ್ಳುವವನಿಗೆ ಪ್ರಯೋಗಾಲಯದವರು ಇಟ್ಟ ಹೆಸರೇ ಸ್ವೆಟರ್. ಚಿಕ್ಕಮ್ಮನಿಗೂ ಹೆಸರು ಅಂಟಿಕೊಂಡದ್ದು ಹಾಗೆಯೇ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಹತ್ತಿ ನಿವೃತ್ತಳಾದ ಆಕೆಯನ್ನು ಅಕ್ಕನ ಮಗಳು ಚುಕ್ಕಿ ಎಲ್ಲರೆದುರು ಒಂದು ಸಲ ಹಾಗೆ ಕರೆದದ್ದೇ ತಡ, ಇಡೀ ಪ್ರಯೋಗಾಲಯಕ್ಕೆ ಆಕೆ ಚಿಕ್ಕಮ್ಮನಾಗಿಬಿಟ್ಟಳು.

ಆ ಚುಕ್ಕಿಯ ತಲೆಯ ಮೇಲೇ ಈಗ ಕತ್ತಿ ತೂಗುತ್ತಿತ್ತು. ಒಬ್ಬ ಟೈಲರಿನ ರಕ್ತದ ಕೊಳವೆಗೂ ಇನ್ನಾರದೋ ಕೊಳವೆಗೂ ಒಂದೇ ನಂಬರಿನ ಲೇಬಲ್ ಬಿದ್ದು, ಇವರ ವರದಿ ಅವರಿಗೆ ಹೋಗಿ, ಬೇಡದ ಔಷಧ ಟೈಲರಿನ ಮೈ ಸೇರಿತ್ತು. ಅವನು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಲೇಬಲ್ ಅಂಟಿಸಿದ ಕೈ ಚುಕ್ಕಿಯದು. ಊಟದ ಬಿಡುವು ಮುಗಿದೊಡನೆ ವಿಚಾರಣಾ ಸಮಿತಿ ಕೂರಲಿತ್ತು. ಆರೋಪ ಹೊತ್ತವರು ತಮ್ಮ ಪರ ಒಬ್ಬರನ್ನು ಕರೆತರಬಹುದು ಎಂಬ ನಿಯಮ ಹಿಡಿದು ಚಿಕ್ಕಮ್ಮ ಒಳಗೆ ಬಂದಿದ್ದಳು. ಸಮಿತಿ ಕೂರುವುದರೊಳಗೆ ಏನಾದರೂ ಸಿಗದಿದ್ದರೆ ಹುಡುಗಿಯ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತಬೇಕಿತ್ತು.

"ಇನ್ನೊಂದು ಸಲ ಹೇಳು. ನನ್ನ ತಲೆಗೆ ಹತ್ತೋ ಹಾಗೆ ಹೇಳು."

"ಎರಡು ಯಂತ್ರ ಇದೆ. ದೊಡ್ಡದು ಅತ್ತೆ, ಚಿಕ್ಕದು ಸೊಸೆ. ಅತ್ತೆ ಏನೇ ಮಾಡಿದ್ರೂ ಸೊಸೆ ನೋಡ್ಕೊಂಡು ಹಾಗೇ ಮಾಡ್ಬೇಕು. ಅತ್ತೆ ಕೆಟ್ಟು ನಿಂತ್ರೆ ಮನೆ ನಿಲ್ಲಬಾರದಲ್ಲ, ಆಗ ಸೊಸೆ ನಡೆಸ್ತಾಳೆ."

"ಈ ಹೆಸರು ಯಾರಿಟ್ಟಿದ್ದು?"

"ನಾನೇ."

"ನಿನಗೆ ಮದುವೆ ಆಗಿದೆಯಾ?"

"ಆಗಿದೆ."

"ಹೆಂಡತಿಗೆ ಈ ಹೆಸರು ಗೊತ್ತಾ?"

ಸ್ವೆಟರ್ ಗಂಟಲು ಸರಿಮಾಡಿಕೊಂಡು ಮಾತು ಬದಲಿಸಿದ.

"ಉಳಿದದ್ದೆಲ್ಲ ತಾನಾಗೇ ಸೊಸೆ ಹತ್ರ ಬರುತ್ತೆ. ಲೇಬಲ್ ಮೇಲೆ ಬೀಳೋ ನಂಬರ್ ಸರಣಿ ಮಾತ್ರ ಬರಲ್ಲ. ಪ್ರತಿ ಶಾಖೆಗೆ, ಸ್ಯಾಂಪಲ್ ತಗೊಳ್ಳೋ ಪ್ರತಿ ಕಿಟಕಿಗೆ, ರಕ್ತಕ್ಕೆ ಬೇರೆ, ಮೂತ್ರಕ್ಕೆ ಬೇರೆ ಅಂತ ಸಾವಿರಾರು ಸರಣಿ ಇದೆ. ಯಾವ ಸರಣಿ ಎಲ್ಲಿವರೆಗೆ ಬಂತು ಅಂತ ಸೊಸೆ ಆಗಾಗ ಅತ್ತೆನ ಕೇಳಿ ತಾಳೆ ಹಾಕ್ಕೋಬೇಕು. ಒಂದೊಂದು ತಾಳೆಗೂ ಒಂದೊಂದು ಸಾಲು ಬರೆದಿಡ್ತಾಳೆ. ಅದಕ್ಕೇ ಲಾಗ್ ಅನ್ನೋದು."

"ಸರಣಿ ಅಲ್ಲಾಡದೇ ಇದ್ರೂ ಬರೀತಾಳಾ?"

"ಅಲ್ಲಾಡದೇ ಇದ್ರೂ, ಅಲ್ಲೇ ಇದೆ ಅಂತ ಬರೀತಾಳೆ. ಒಂದು ಸುತ್ತು ಮುಗಿಸಿ ಉಸಿರು ಬಿಡೋದ್ರೊಳಗೆ ಇನ್ನೊಂದು ಸುತ್ತು."

"ಇದನ್ನೆಲ್ಲ ಯಾರು ಓದ್ತಾರೆ?"

"ಯಾರೂ ಓದಲ್ಲ," ಎಂದುಬಿಟ್ಟ ಸ್ವೆಟರ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೇಜಿನ ಮೇಲಿದ್ದ ಅವನ ಫೋನ್ ಗುರ್ರ್ ಎಂದಿತು. ಕೆಳಗಿನ ಕಿಟಕಿಯೊಂದರ ಪ್ರಿಂಟರಿನಲ್ಲಿ ಕಾಗದ ಮುಗಿದಿದೆಯಂತೆ. ಅವನು ಅದನ್ನು ಯಾರಿಗೋ ತಿಳಿಸಿ ಫೋನನ್ನು ಮತ್ತೆ ಮೇಜಿನ ಮೇಲಿಟ್ಟ.

ಚಿಕ್ಕಮ್ಮ ಕುರ್ಚಿಗೆ ಒರಗಿ ಆ ಸಾಲುಗಳನ್ನೇ ನೋಡುತ್ತ ಕುಳಿತಳು. ಕೆಲಸದಲ್ಲಿದ್ದಾಗ ಆಕೆಗೆ ಬಾಯಿ ಬಿಡದವರಿಗಿಂತ ಬಾಯಿ ಮುಚ್ಚದವರೇ ಹೆಚ್ಚು ಕಾಟ ಕೊಟ್ಟಿದ್ದರು. ಅಂಗಡಿಗೆ ಬೆಂಕಿ ಬಿತ್ತೆಂದು ಪರಿಹಾರ ಕೇಳಿದವನೊಬ್ಬ ಬೆಳಗ್ಗೆ ಹಲ್ಲುಜ್ಜಿದಲ್ಲಿಂದ ಶುರುಮಾಡಿದ್ದ. ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ನಿಜವನ್ನೇ ರಾಶಿ ಹಾಕಿ, ಬೇಕಾದ ಒಂದು ನಿಜವನ್ನು ಅದರಡಿ ಹೂತಿಟ್ಟಿದ್ದ. ಈ ಯಂತ್ರಕ್ಕೆ ಆ ಕೆಟ್ಟ ಬುದ್ಧಿ ಇಲ್ಲ, ಪಾಪ. ಆದರೆ ಕೆಲಸ ಮಾತ್ರ ಅದನ್ನೇ ಮಾಡುತ್ತಿದೆ ಎನ್ನಿಸಿತು ಅವಳಿಗೆ.

ಓಡುವ ಸಾಲುಗಳ ನಡುವೆ ಪರಿಚಯದ ಹೆಸರೊಂದು ಫಕ್ಕನೆ ಕಂಡು ಮರೆಯಾಯಿತು.

"ಸೇತುವೆ ಶಾಖೆ ಅಂತ ಬಂತಲ್ಲ! ಅದನ್ನ ಮುಚ್ಚಿದ್ದಾರೆ ತಾನೇ?"

"ಮುಚ್ಚಿದ್ದಾರೆ. ಮುಚ್ಚಿದ ಶಾಖೆಯ ಸರಣಿಗೆ, ನಂಬರ್ ಬದಲಾಗದ ಹಾಗೆ, ಸೊಸೆ ಕಡೆ ಬೀಗ ಹಾಕಿದ್ದೀವಿ. ಆದ್ರೂ ಪ್ರತಿ ಸುತ್ತಲ್ಲೂ ಅದರ ಬಗ್ಗೆನೂ ಒಂದು ಸಾಲು ಬರೀತಾಳೆ. ಹೇಳಿದ್ನಲ್ಲ, ಬಾಯಿ ಜಾಸ್ತಿ."

ಬಾಗಿಲ ಬಳಿ ಕುರ್ಚಿ ಕಿರುಗುಟ್ಟಿತು. ಚುಕ್ಕಿ ಅಲ್ಲಿ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದಳು. ಹೆಬ್ಬೆರಳಿಗೆ ಅಂಟಿ ಒಣಗಿದ ಗೋಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಬಿಡು ಚಿಕ್ಕಮ್ಮ. ನನ್ನ ಕೈಯಿಂದಲೇ ತಪ್ಪಾಯ್ತು ಅಂತ ಹೇಳಿಬಿಡ್ತೀನಿ. ಎಲ್ಲಾ ಮುಗಿದುಹೋಗ್ಲಿ."

"ತಪ್ಪು ಮಾಡಿದ್ದೀಯಾ?"

"ಇಲ್ಲ."

"ಮತ್ತೆ ಯಾಕೆ ಹೇಳ್ತೀಯ?"

ಚುಕ್ಕಿ ಮತ್ತೆ ಹೆಬ್ಬೆರಳಿಗೆ ಉಗುರು ಹಚ್ಚಿದಳು.

ಸೋತು ಸುಣ್ಣವಾಗಿದೆ ಮಗು ಎಂದು ಚಿಕ್ಕಮ್ಮನ ಕರುಳು ಚುರ್ ಎಂದಿತು. ಲೇಬಲ್ ಅಂಟಿಸುವುದನ್ನು ಇವಳಿಗೆ ಕಲಿಸಿದ್ದು ಇವಳ ತಾಯಿಯೇ. ಕೊಳವೆಯ ಸುತ್ತ ಅಂಟಿಸಿದರೆ ಯಂತ್ರದ ಕಣ್ಣಿಗೆ ಅರ್ಧ ಗೆರೆ ಕಾಣುವುದಿಲ್ಲ, ಉದ್ದಕ್ಕೆ, ನೆಟ್ಟಗೆ ಅಂಟಿಸಬೇಕು ಎಂದು ಅಕ್ಕ ಮನೆಯಲ್ಲಿ ಪೆನ್ನುಗಳ ಮೇಲೆ ಅಂಟಿಸಿ ತೋರಿಸುತ್ತಿದ್ದಳು. ಸೇತುವೆ ಶಾಖೆ ಮುಚ್ಚುವವರೆಗೂ ಅಲ್ಲಿನ ಕಿಟಕಿ ಅಕ್ಕನದೇ. ಈಗ ಮಂಡಿನೋವು ಹಿಡಿದು ಮನೆಯಲ್ಲಿದ್ದಳು. ಇವತ್ತು ಬೆಳಗ್ಗೆ ಚಿಕ್ಕಮ್ಮ ಹೊರಟಾಗಲೂ ಮಂಡಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮೆಟ್ಟಿಲು ಇಳಿಯೋಕೂ ಆಗಲ್ಲ ಕಣೇ ನನ್ನ ಕೈಲಿ. ನೀನೇ ಹೋಗಿ ನನ್ನ ಮಗಳನ್ನ ಉಳಿಸಿಕೊಡು," ಎಂದಿದ್ದಳು.

ಬಾಗಿಲು ತೆರೆಯಿತು. ಬಾಗಿಲು ತೆರೆದಿದೆ ಎಂದು ಸ್ವೆಟರಿನ ಫೋನ್ ಮತ್ತೆ ಗುರ್ರ್ ಎಂದಿತು. ಮ್ಯಾನೇಜರು ಒಳಗೆ ಬಂದರು.

"ಏನಾದ್ರೂ ಸಿಕ್ತಾ ಚಿಕ್ಕಮ್ಮ?" ಎಂದವರು ತಕ್ಷಣ ಮುಖ ಬಿಗಿ ಮಾಡಿಕೊಂಡು, "ಅಂದ್ರೆ, ಮೇಡಂ," ಎಂದು ತಿದ್ದಿಕೊಂಡರು.

"ಆ ದಿನದ ಲಾಗ್ ನೋಡ್ಬೇಕಿತ್ತು."

"ಸಮಿತಿಯವರು ನೋಡಿ ಆಗಿದೆ. ಅದರಲ್ಲಿ ಒಂದೇ ಒಂದು ದೋಷ ಇಲ್ಲ. ಯಂತ್ರ ತಪ್ಪು ಮಾಡಿದ್ರೆ ಯಂತ್ರವೇ ಬರೆದಿಡ್ತಿತ್ತು. ಬರೆದಿಲ್ಲ ಅಂದ್ರೆ ಕೈತಪ್ಪು. ಹಳೇ ಲೇಬಲನ್ನೇ ಮತ್ತೆ ಪ್ರಿಂಟ್ ಹಾಕಿ ಅಂಟಿಸಿದ್ದಾರೆ. ಇದರಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿದೆ?"

"ದೋಷ ಇಲ್ಲ ಅಂತ ಬರೆದಿತ್ತಾ, ಇಲ್ಲ ದೋಷದ ಬಗ್ಗೆ ಏನೂ ಬರೆದಿರಲಿಲ್ಲವಾ?"

"ಎರಡೂ ಒಂದೇ ಅಲ್ವಾ?"

"ಅಲ್ಲ," ಎಂದಳು ಚಿಕ್ಕಮ್ಮ. ಸ್ವೆಟರಿನತ್ತ ತಿರುಗಿದಳು. "ಇದರಲ್ಲಿರೋ ಎಲ್ಲಕ್ಕಿಂತ ಹಳೇ ಸಾಲು ತೋರಿಸಪ್ಪ."

ಸ್ವೆಟರ್ ಮನಸ್ಸಿಲ್ಲದ ಮನಸ್ಸಿನಿಂದ ತೋರಿಸಿದ. ಅದರ ತಾರೀಖು ಟೈಲರ್ ಆಸ್ಪತ್ರೆ ಸೇರಿದ ನಂತರದ್ದು. ಅದಕ್ಕೂ ಹಿಂದಿನದು ಏನೂ ಇರಲಿಲ್ಲ.

ಮ್ಯಾನೇಜರ ಮುಖ ಕೆಂಪೇರಿತು. "ಅಳಿಸಿದ್ದು ಯಾರು?"

"ಯಾರೂ ಅಳಿಸಿಲ್ಲ ಸರ್. ಜಾಗ ತುಂಬಿದ್ರೆ ಹಳೇದು ತಾನಾಗೇ ಹೋಗುತ್ತೆ. ಇವಳು ಇಷ್ಟು ಬರೀತಾಳಲ್ಲ, ಬೇಗ ತುಂಬಿಬಿಡುತ್ತೆ."

"ಹಾಗಾದ್ರೆ ಸಮಿತಿ ನೋಡಿದ್ದು ಏನನ್ನ?"

"ಉಳಿದಿದ್ದನ್ನ. ಅದೂ ಪೂರ್ತಿ ಓದಲಿಲ್ಲ. ದೋಷ ಅನ್ನೋ ಪದ ಹುಡುಕಿದ್ರು, ಸಿಗಲಿಲ್ಲ, ಎದ್ದು ಹೋದ್ರು."

ಮ್ಯಾನೇಜರು ಗಡಿಯಾರ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಯಂತ್ರದ ತಪ್ಪೆಂದಾದರೆ ಪ್ರಯೋಗಾಲಯದ ಬಾಗಿಲೇ ಮುಚ್ಚಬಹುದು, ಹುಡುಗಿಯ ತಪ್ಪೆಂದಾದರೆ ಒಂದು ಕುರ್ಚಿ ಖಾಲಿಯಾಗುತ್ತದೆ, ಅಷ್ಟೆ. ಅವರ ಕಷ್ಟ ಚಿಕ್ಕಮ್ಮನಿಗೂ ಅರ್ಥವಾಗುತ್ತಿತ್ತು. ಅದಕ್ಕೇ ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

"ಲಾಗ್ ಇಲ್ಲ ಅಂದ ಮಾತ್ರಕ್ಕೆ ಹುಡುಗಿ ನಿರಪರಾಧಿ ಅಂತ ಆಗಲ್ಲ ಮೇಡಂ. ಊಟ ಮುಗಿಸಿ ಬರ್ತೀನಿ. ಸಾಕ್ಷಿ ಇದ್ರೆ ಅಷ್ಟರೊಳಗೆ ಕೊಡಿ," ಎಂದು ಅವರು ಹೊರಟರು. ಫೋನ್ ಮತ್ತೊಮ್ಮೆ ಗುರ್ರ್ ಎಂದಿತು.

ಬಾಗಿಲು ಮುಚ್ಚಿಕೊಳ್ಳುವವರೆಗೂ ಚಿಕ್ಕಮ್ಮ ಕಾದಳು. ಆಮೇಲೆ ಕುರ್ಚಿ ಎಳೆದುಕೊಂಡು ಸ್ವೆಟರಿನ ಎದುರಿಗೇ ಕೂತಳು.

"ನಿನ್ನ ಫೋನ್ ಬಲು ಚುರುಕು."

"ಏನಾದ್ರೂ ತೊಂದರೆ ಆದ್ರೆ ತಕ್ಷಣ ಗೊತ್ತಾಗ್ಲಿ ಅಂತ ಇಟ್ಟಿರೋದು."

"ಹೂಂ. ಕಾಗದ ಮುಗಿದ್ರೆ ಬಡ್ಕೊಳ್ಳುತ್ತೆ. ಬಾಗಿಲು ತೆರೆದ್ರೆ ಬಡ್ಕೊಳ್ಳುತ್ತೆ. ನಾನು ಬಂದಾಗಿನಿಂದ ನೋಡ್ತಿದ್ದೀನಿ. ಇಷ್ಟೊಂದು ಮಾತಾಡೋ ಈ ಸೊಸೆಯಿಂದ ಮಾತ್ರ ಒಂದೇ ಒಂದು ಸಂದೇಶ ಬರಲಿಲ್ಲ. ಅವಳ ಬಾಯಿಗೆ ಬಟ್ಟೆ ತುರುಕಿದ್ದು ಯಾರು?"

ಸ್ವೆಟರ್ ತೋಳನ್ನು ಬೆರಳವರೆಗೂ ಎಳೆದುಕೊಂಡ. ಪರದೆಯ ಕಡೆ ನೋಡಿದ, ಚುಕ್ಕಿಯ ಕಡೆ ನೋಡಿದ. ಚುಕ್ಕಿ ತಲೆ ಎತ್ತಲಿಲ್ಲ.

"ನೋಡು, ನಾನು ಪೊಲೀಸ್ ಅಲ್ಲ. ಆದ್ರೆ ಆ ಹುಡುಗಿ ಮಾಡದ ತಪ್ಪನ್ನ ಒಪ್ಕೊಳ್ಳೋಕೆ ತಯಾರಾಗಿ ಕೂತಿದ್ದಾಳೆ. ಅದನ್ನ ನೋಡ್ಕೊಂಡು ನಿನಗೆ ಊಟ ಸೇರುತ್ತಾ?"

"ಸೇರ್ತಿಲ್ಲ ಚಿಕ್ಕಮ್ಮ," ಎಂದ ಸ್ವೆಟರ್. "ನಾನೇ ಮುಚ್ಚಿದ್ದು."

"ಯಾಕೆ?"

"ಮಗು ಹುಟ್ಟಿದ ಹೊಸತು. ಪ್ರತಿ ಸುತ್ತಿಗೂ ಫೋನ್ ಬಡ್ಕೊಳ್ತಿತ್ತು. ತಾಳೆ ಆಯ್ತು ಅಂತ ಹೇಳೋಕೂ ಬಡ್ಕೊಳ್ಳುತ್ತೆ, ಆಗಲಿಲ್ಲ ಅಂತ ಹೇಳೋಕೂ ಬಡ್ಕೊಳ್ಳುತ್ತೆ. ಮಗು ಎದ್ದು ಅಳೋದು. ಒಂದು ದಿನ ಹೆಂಡತಿ ಫೋನನ್ನ ಹಿಟ್ಟಿನ ಡಬ್ಬದೊಳಗೆ ಹಾಕಿ ಮುಚ್ಚಿಟ್ಲು. ಅವತ್ತು ತಾಳೆ ಕೆಲಸದಿಂದ ಬರೋದು ಏನೂ ಬೇಡ ಅಂತ ಒಂದೇ ಏಟಿಗೆ ಮುಚ್ಚಿಬಿಟ್ಟೆ. ಆಯ್ತು ಅನ್ನೋದನ್ನ ಮಾತ್ರ ಮುಚ್ಚಿ, ಆಗಲಿಲ್ಲ ಅನ್ನೋದನ್ನ ಬಿಡಬೇಕಿತ್ತು. ನಾಳೆ ಬೇರೆ ಮಾಡಿದ್ರಾಯ್ತು ಅಂದ್ಕೊಂಡೆ."

"ಆ ನಾಳೆ ಬರಲೇ ಇಲ್ಲ."

"ಬರಲಿಲ್ಲ. ಅತ್ತೆ ಕೆಟ್ಟು ನಿಂತ ದಿನ ಸೊಸೆ ಕೈಗೆ ಕೆಲಸ ಕೊಟ್ಟೆ. ಆಮೇಲೆ ನೋಡಿದ್ರೆ ತಾಳೆ ಹಾಕೋದು ಅದಕ್ಕೂ ಮುಂಚೆನೇ ನಿಂತುಹೋಗಿತ್ತು. ಬೀಗ ಹಾಕಿದ ಯಾವುದೋ ಸರಣಿಗೆ ತಾಗಿ ಎಡವಿ ನಿಂತುಬಿಟ್ಟಿದ್ದಾಳೆ. ಉಳಿದ ಸರಣಿ ಎಲ್ಲ ಹಳೇ ನಂಬರಲ್ಲೇ ಇತ್ತು. ಆಗಲೇ ಕೊಟ್ಟಿದ್ದ ನಂಬರನ್ನ ಮತ್ತೆ ಕೊಟ್ಲು."

"ಅಂದ್ರೆ ಚುಕ್ಕಿ ಅಂಟಿಸಿದ್ದು ಯಂತ್ರ ಕೊಟ್ಟ ಲೇಬಲನ್ನೇ."

"ಹೌದು. ಅವಳ ತಪ್ಪು ಒಂದು ಚೂರೂ ಇಲ್ಲ."

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಅದರ ಬೆನ್ನಿಗೇ ಸಿಟ್ಟು ಏರಿತು. ಇಷ್ಟನ್ನು ಹೇಳಲು ಇವನಿಗೆ ಇಷ್ಟು ಕಾಲ ಬೇಕಾಯಿತೇ! ಆದರೆ ಸ್ವೆಟರಿನ ಮುಖ ನೋಡಿದರೆ ಆ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ.

"ಟೈಲರನ್ನ ನೋಡೋಕೆ ಹೋಗಿದ್ಯಾ?"

"ದಿನಾ ಹೋಗ್ತೀನಿ. ಬಾಗಿಲವರೆಗೆ ಹೋಗ್ತೀನಿ, ಒಳಗೆ ಕಾಲಿಡೋಕೆ ಧೈರ್ಯ ಬರಲ್ಲ. ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ರು. ಇವತ್ತು ಬೆಳಗ್ಗೆ ಅವರೂ ಕಾಣಲಿಲ್ಲ."

"ಇದನ್ನೆಲ್ಲ ಸಮಿತಿ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಕೆಲಸ ಹೋದ್ರೂ ಹೇಳ್ತೀನಿ." ಸ್ವೆಟರ್ ಮೂಗು ಒರೆಸಿಕೊಂಡ. "ಆದ್ರೆ ಒಂದು ವಿಷಯ ನನಗೇ ಬಗೆಹರೀತಿಲ್ಲ. ಬೀಗ ಹಾಕಿರೋದು ಮುಚ್ಚಿದ ಶಾಖೆಗಳಿಗೆ. ಅಲ್ಲಿ ನರಪಿಳ್ಳೆ ಇಲ್ಲ. ಅಂದ್ಮೇಲೆ ಅತ್ತೆ ಕಡೆ ಆ ನಂಬರ್ ಮುಂದೆ ಹೋಗಲ್ಲ. ಮುಂದೆ ಹೋಗದೇ ಇದ್ರೆ ಸೊಸೆ ಎಡವೋದು ಹೇಗೆ? ಮ್ಯಾನೇಜರು ಮೊದಲು ಕೇಳೋದೇ ಇದನ್ನ. ನನ್ನ ಹತ್ರ ಉತ್ತರ ಇಲ್ಲ."

"ಈಗಲೂ ಎಡವ್ತಿದ್ದಾಳಾ?"

"ಎಡವಿದ್ರೂ ನಿಲ್ಲಬೇಡ, ಅದನ್ನ ಬಿಟ್ಟು ಮುಂದೆ ಹೋಗು ಅಂತ ಆಮೇಲೆ ಹೇಳಿಕೊಟ್ಟಿದ್ದೀನಿ. ಎಡವಿದ್ರೆ ಒಂದು ಸಾಲು ಬರೆದೇ ಬರೀತಾಳೆ. ಆದ್ರೆ ಈ ಪ್ರವಾಹದಲ್ಲಿ ಅದನ್ನ ಎಲ್ಲಿ ಅಂತ ಹುಡುಕೋದು?"

ಚಿಕ್ಕಮ್ಮ ಪರದೆಯನ್ನು ನೋಡಿದಳು. ತಾಳೆ ಆಯಿತು, ತಾಳೆ ಆಯಿತು.

"ಹುಡುಕಬೇಡ. ಮೊದಲು ಬಾಯಿಗೆ ತುರುಕಿದ ಬಟ್ಟೆ ತೆಗೆ. ಆಮೇಲೆ ಅವಳಿಗೆ ಮಾತಾಡೋದು ಕಲಿಸು. ಇದ್ದಲ್ಲೇ ಇರೋದರ ಬಗ್ಗೆ ಬಾಯಿ ಬಿಡಬಾರದು. ಏನಾದ್ರೂ ಬದಲಾದ್ರೆ ಹೇಳ್ಲಿ, ಎಡವಿದ್ರೆ ಕೂಗಿ ಹೇಳ್ಲಿ. ಆಗುತ್ತಾ?"

"ಆಗುತ್ತೆ. ಅಷ್ಟೇನೂ ದೊಡ್ಡ ಕೆಲಸ ಅಲ್ಲ," ಎಂದ ಸ್ವೆಟರ್. ತನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಹಣೆ ಉಜ್ಜಿಕೊಂಡ. ಕೀಲಿಮಣೆ ಹತ್ತಿರಕ್ಕೆಳೆದುಕೊಂಡ.

ಚುಕ್ಕಿ ಎದ್ದು ನಿಂತಳು. "ಚಿಕ್ಕಮ್ಮ, ಇವರು ಒಪ್ಕೊಂಡ್ರಲ್ಲ, ಸಾಕಲ್ವಾ? ಇನ್ನೂ ಯಾಕೆ ಕೆದಕೋದು?"

"ಅರ್ಧ ಉತ್ತರ ತಗೊಂಡು ಸಮಿತಿ ಮುಂದೆ ಹೋದ್ರೆ ನಮ್ಮನ್ನ ಎತ್ತಿ ಆಚೆ ಹಾಕ್ತಾರೆ. ಕೂತ್ಕೋ. ನಿನ್ನ ಒಳ್ಳೇದಕ್ಕೇ ಮಾಡ್ತಿರೋದು."

ಚುಕ್ಕಿ ಕೂತಳು.

ಸ್ವೆಟರ್ ಕೊನೆಯ ಗುಂಡಿ ಒತ್ತಿದ. ಓಡುತ್ತಿದ್ದ ಸಾಲುಗಳು ಅಲ್ಲೇ ನಿಂತವು. ಪರದೆ ಖಾಲಿಯಾಯಿತು. ಯಂತ್ರದ ಗಾಳಿಯ ಸದ್ದು ಮೊದಲಿನಷ್ಟೇ ಇದ್ದರೂ ಕೋಣೆಯಲ್ಲಿ ಯಾರೋ ಬಹಳ ಹೊತ್ತಿನಿಂದ ಆಡುತ್ತಿದ್ದ ಮಾತನ್ನು ತಟ್ಟನೆ ನಿಲ್ಲಿಸಿದಂತೆ ಮೂವರಿಗೂ ಅನ್ನಿಸಿತು.

ಆಮೇಲೆ ಒಂದು ಸಾಲು ಬಂತು. ಕೆಳಗಿನ ಕಿಟಕಿ, ರಕ್ತ, ಒಂದು ನಂಬರು ಮುಂದೆ. ಸ್ವಲ್ಪ ಬಿಟ್ಟು ಇನ್ನೊಂದು ಬಂತು. ಮಕ್ಕಳ ಆಸ್ಪತ್ರೆಯ ಕಿಟಕಿ, ಮೂತ್ರ, ಒಂದು ನಂಬರು ಮುಂದೆ.

ಚಿಕ್ಕಮ್ಮ ಮುಂದಕ್ಕೆ ಬಾಗಿದಳು. ಬೆಳಗಿನಿಂದ ಕಂಡಿದ್ದ ಆ ಗದ್ದಲದೊಳಗೆ ಇವರೆಲ್ಲ ಇದ್ದರು, ಆದರೆ ಕಂಡಿರಲಿಲ್ಲ. ಈಗ ಒಂದೊಂದು ಸಾಲಿಗೂ ಒಬ್ಬ ಮನುಷ್ಯ ಕಾಣುತ್ತಿದ್ದ. ತೋಳು ಮಡಚಿ ಹತ್ತಿ ಒತ್ತಿಕೊಂಡವನು, ಸೂಜಿ ನೋಡಲಾರದೆ ಮುಖ ತಿರುಗಿಸಿದವಳು, ಅಳುವ ಮಗುವನ್ನು ಎದೆಗೊರಗಿಸಿಕೊಂಡ ತಾಯಿ. ಟೈಲರ್ ಕೂಡ ಹೀಗೇ ಒಂದು ಸಾಲಾಗಿ ಬಂದಿದ್ದ. ಅವನನ್ನು ಯಾರಾದರೂ ನೋಡಿದ್ದರೆ ಅವನು ಇವತ್ತು ತನ್ನ ಹೊಲಿಗೆ ಯಂತ್ರದ ಮುಂದಿರುತ್ತಿದ್ದ. ಅವಳ ಕಣ್ಣು ತುಂಬಿ ಬಂತು. ಚಳಿಗೆ ಎಂಬಂತೆ ಒರೆಸಿಕೊಂಡಳು.

ಊಟದ ಹೊತ್ತಾಯಿತು. ಎಲ್ಲ ಶಾಖೆಗಳ ಕಿಟಕಿಗಳೂ ಒಟ್ಟಿಗೇ ಮುಚ್ಚುವುದು ಇಲ್ಲಿನ ಪದ್ಧತಿ. ಸಾಲುಗಳು ತೆಳುವಾಗಿ, ಕೊನೆಗೆ ನಿಂತವು. ಚಿಕ್ಕಮ್ಮ ಊಟದ ಡಬ್ಬಿ ತೆಗೆದು ಚುಕ್ಕಿಯ ಮುಂದೆ ಹಿಡಿದಳು. ಅವಳು ಬೇಡವೆಂದು ತಲೆಯಾಡಿಸಿದಳು. ಅವಳ ಕಣ್ಣು ಖಾಲಿ ಪರದೆಯ ಮೇಲೆ ನೆಟ್ಟಿತ್ತು.

"ಇನ್ನು ಯಾಕೆ ಹೆದರ್ತೀಯ? ಗೆದ್ದಿದ್ದೀವಿ ಕಣೇ."

"ಚಿಕ್ಕಮ್ಮ," ಎಂದಳು ಚುಕ್ಕಿ ಪಿಸುದನಿಯಲ್ಲಿ, "ಇದನ್ನ ಮೊದಲಿನ ಹಾಗೇ ಮಾಡಿಸು. ನಿನ್ನ ಕಾಲಿಗೆ ಬೀಳ್ತೀನಿ."

ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಅವಳನ್ನು ನೋಡಿದಳು. ಅದೇ ಹೊತ್ತಿಗೆ ಸ್ವೆಟರಿನ ಫೋನ್ ಗುರ್ರ್ ಎಂದಿತು. ಪರದೆಯ ಮೇಲೆ ಕೆಂಪು ಅಕ್ಷರದ ಒಂದೇ ಒಂದು ಸಾಲು ಬಂದು ನಿಂತಿತು.

ಸೇತುವೆ ಶಾಖೆ, ರಕ್ತ. ಒಂದು ನಂಬರು ಮುಂದೆ. ಬೀಗವಿದೆ, ತಾಳೆ ಆಗಲಿಲ್ಲ.

"ಇದೇ!" ಎಂದು ಸ್ವೆಟರ್ ಕುರ್ಚಿಯಿಂದ ಎದ್ದೇಬಿಟ್ಟ. "ಇದಕ್ಕೇ ಎಡವಿರೋದು. ಆದ್ರೆ ಅಲ್ಲಿ ಯಾರು? ಶಾಖೆಗೆ ಬೀಗ ಹಾಕಿ ಕೀಲಿ ಮ್ಯಾನೇಜರು ತಮ್ಮ ಡ್ರಾಯರಲ್ಲಿ ಇಟ್ಕೊಂಡಿದ್ದಾರೆ."

"ಅಲ್ಲಿ ಫೋನ್ ಇದೆಯಾ?"

"ಇನ್ನೂ ಕಿತ್ತಿಲ್ಲ. ಕಂಪ್ಯೂಟರು, ಪ್ರಿಂಟರು ಏನೂ ತಂದಿಲ್ಲ, ಎಲ್ಲ ಅಲ್ಲೇ ಇದೆ."

"ಹಾಕು."

"ಬೇಡ ಚಿಕ್ಕಮ್ಮ," ಎಂದಳು ಚುಕ್ಕಿ. ಆದರೆ ಸ್ವೆಟರ್ ಆಗಲೇ ಮೇಜಿನ ಫೋನಿನ ಗುಂಡಿ ಒತ್ತಿ ರಿಸೀವರನ್ನು ಚಿಕ್ಕಮ್ಮನ ಕೈಗೆ ಕೊಟ್ಟಿದ್ದ.

ಗಂಟೆ ಬಡಿಯಿತು. ಬಡಿಯುತ್ತಲೇ ಇತ್ತು. ಯಾರೂ ಎತ್ತುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಎತ್ತಿದರು.

"ಹಲೋ, ಚುಕ್ಕಿನಾ? ಈ ಹೊತ್ತಲ್ಲಿ ಫೋನ್ ಮಾಡಬೇಡ ಅಂದಿರಲಿಲ್ವಾ ನಾನು? ರಕ್ತ ಕೊಡೋಕೆ ಇನ್ನೂ ಜನ ಕಾಯ್ತಿದ್ದಾರೆ ಇಲ್ಲಿ."

ಫೋನಿನಲ್ಲಿ ಹೀಗೆ ಹೊಳೆಯ ಆಚೆ ದಡದವರನ್ನು ಕರೆಯುವಂತೆ ಕೂಗಿ ಮಾತಾಡುವವರು ಚಿಕ್ಕಮ್ಮನಿಗೆ ಗೊತ್ತಿದ್ದ ಮಟ್ಟಿಗೆ ಲೋಕದಲ್ಲಿ ಒಬ್ಬರೇ. ಬೆಳಗ್ಗೆ ಮೆಟ್ಟಿಲು ಇಳಿಯಲಾಗುವುದಿಲ್ಲ ಎಂದು ಮಂಡಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅಕ್ಕ.

"ನೀನು ಏನೂ ಒಪ್ಕೋಬೇಡ, ಕೇಳಿಸ್ತಾ? ನಿನ್ನ ಚಿಕ್ಕಮ್ಮ ಎಲ್ಲಾ ನೋಡ್ಕೋತಾಳೆ. ನನ್ನ ಹತ್ರ ಉಳಿದ ಕೀಲಿಯಲ್ಲಿ ಈ ಕಿಟಕಿ ತೆಗೀತಿರೋ ವಿಷಯ ಮಾತ್ರ ಅವಳ ಕಿವಿಗೆ ಬೀಳಬಾರದು. ಅವಳಿಗೆ ಗೊತ್ತಾದ್ರೆ ಮುಗೀತು, ಅವಳು ಅಕ್ಕ ಅಂತಲೂ ನೋಡಲ್ಲ."

ಚಿಕ್ಕಮ್ಮ ಪರದೆಯ ಮೇಲಿನ ಕೆಂಪು ಸಾಲನ್ನು ನೋಡಿದಳು. ಅಕ್ಕ ಅಲ್ಲಿ ತೆಗೆದ ಒಂದೊಂದು ನಂಬರಿಗೂ ಸೊಸೆ ಇಲ್ಲಿ ಎಡವಿದ್ದಾಳೆ. ಎಡವಿ ನಿಂತದ್ದಕ್ಕೇ ಟೈಲರ್ ಹಾಸಿಗೆ ಹಿಡಿದಿದ್ದಾನೆ. ಲೆಕ್ಕ ಅಷ್ಟು ಸರಳವಾಗಿತ್ತು. ಅದನ್ನು ಬಿಡಿಸಿದವಳು ತಾನೇ. ಗದ್ದಲ ನಿಲ್ಲಿಸು ಎಂದವಳೂ ತಾನೇ.

ಚುಕ್ಕಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಬಾಗಿಲು ತೆರೆಯಿತು. ಸ್ವೆಟರಿನ ಫೋನ್ ಗುರ್ರ್ ಎಂದಿತು. ಚಿಕ್ಕಮ್ಮ ರಿಸೀವರನ್ನು ಎದೆಗೊತ್ತಿಕೊಂಡು ಪರದೆಯ ಆ ಕೆಂಪು ಸಾಲಿಗೆ ಅಡ್ಡವಾಗಿ ನಿಂತಳು. ಹಾಗೆ ನಿಂತ ಮೇಲೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೇ ಹೊಳೆದು ಮುಖ ಬಿಸಿಯಾಯಿತು. ಇಡೀ ಜೀವಮಾನದಲ್ಲಿ ಸಾಕ್ಷಿಗೆ ಅಡ್ಡ ನಿಂತವಳಲ್ಲ ಅವಳು.

"ಏನು, ನಿಮ್ಮ ಸೊಸೆ ಇಷ್ಟು ಗಪ್‌ಚುಪ್ಪಾಗಿದ್ದಾಳೆ?" ಎಂದು ಮ್ಯಾನೇಜರು ಒಳಗೆ ಬಂದರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. "ಯಾರಿಗೆ ಫೋನು ಮೇಡಂ?"

"ಅಕ್ಕನಿಗೆ. ಊಟ ಆಯ್ತಾ ಅಂತ ಕೇಳ್ತಿದ್ದೆ."

"ಸಾಕ್ಷಿ ಸಿಕ್ತಾ?"

ಅವಳು ಬಾಯಿ ತೆರೆಯುವುದರೊಳಗೆ ಸ್ವೆಟರ್ ಮಾತಾಡಿದ. "ಸಿಕ್ಕಿದೆ ಸರ್. ಹುಡುಗಿಯದು ತಪ್ಪಿಲ್ಲ. ತಪ್ಪು ನನ್ನದು, ಆಮೇಲೆ..." ಎಂದವನು ಚಿಕ್ಕಮ್ಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಅವನ ಅಂಗೈಯಲ್ಲಿ ಫೋನ್ ಇನ್ನೊಮ್ಮೆ ಗುರ್ರ್ ಎಂದಿತು. ಮ್ಯಾನೇಜರು ಕೈ ಚಾಚಿ ಅದನ್ನು ತೆಗೆದುಕೊಂಡರು. ಕನ್ನಡಕವನ್ನು ಮೇಲಕ್ಕೆ ಸರಿಸಿ ಗಟ್ಟಿಯಾಗಿ ಓದಿದರು.

"ಸೇತುವೆ ಶಾಖೆ, ರಕ್ತ. ಒಂದು ನಂಬರು ಮುಂದೆ." ಅವರು ತಲೆ ಎತ್ತಿದರು. "ಸೇತುವೆ ಶಾಖೆನಾ? ಅದರ ಕೀಲಿ ನನ್ನ ಹತ್ರ ಇದೆಯಲ್ಲ!"

ಅಷ್ಟರಲ್ಲಿ ಚಿಕ್ಕಮ್ಮ ಎದೆಗೆ ಒತ್ತಿ ಹಿಡಿದಿದ್ದ ರಿಸೀವರಿನೊಳಗಿಂದ ಅಕ್ಕನ ದನಿ ಇಡೀ ಕೋಣೆಗೆ ಕೇಳಿಸಿತು.

"ಚುಕ್ಕಿ, ಇದ್ದೀಯಾ? ಟೈಲರ್ ಹೆಂಡತಿ ಇಲ್ಲೇ ನನ್ನ ಮುಂದೆ ಕೂತಿದ್ದಾಳೆ. ಅವತ್ತೂ ನಾವು ಈ ಕಿಟಕಿ ತೆಗೆದಿದ್ವಿ ಅಂತ ಇವಳಿಗೆ ಹೇಳಿಬಿಡ್ಲಾ?"